ಹೊಳೆ ದಾಟಿ ಬಂದವನು

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಊರು ಬಿಟ್ಟವರಿಗೆ ಊರಿನ ಮೇಲಿರುವಷ್ಟು ಅಭಿಮಾನ ಊರಿನಲ್ಲೇ ಉಳಿದವರಿಗೆ ಇರುವುದಿಲ್ಲ. ನಮಗೆ ಅದಕ್ಕೆ ಬಿಡುವೂ ಇಲ್ಲ. ಕಾಫಿ ಕುಯ್ಯಲು ಆಳು ಸಿಕ್ಕಬೇಕು, ಒಳ್ಳೆಮೆಣಸಿನ ಬಳ್ಳಿ ಕೊಳೆಯದಂತೆ ನೋಡಿಕೊಳ್ಳಬೇಕು, ರಾತ್ರಿ ಬಾಳೆಗಿಡಗಳ ನಡುವೆ ಸದ್ದಾದರೆ ಅದು ಗಾಳಿಯೋ ಆನೆಯೋ ಎಂದು ಕಿವಿಗೊಟ್ಟು ಮಲಗಬೇಕು. ಅವನಿಗೆ ಈ ತಾಪತ್ರಯಗಳಿಲ್ಲ. ಆದ್ದರಿಂದ ವಂಶದ ಚಿಂತೆ ಹತ್ತಿದೆ.

ಹೋದ ವರ್ಷ ಒಂದು ದಿನ ನನ್ನ ಮೊಬೈಲಿಗೆ ಅವನ ಓಲೆ ಬಂತು. ಬರುವ ಬೇಸಗೆಯಲ್ಲಿ ನಮ್ಮ ಮನೆತನದವರೆಲ್ಲ ನೆಲ್ಯಹುದಿಕೇರಿಯ ಐನ್‌ಮನೆಯಲ್ಲಿ ಸೇರಬೇಕಂತೆ. ಆ ದಿನ ಹಂಚಲು ಒಂದು ಪುಸ್ತಕ ಅಚ್ಚಾಗಬೇಕಂತೆ. ಪುಸ್ತಕದ ನಡುವೆ, ಮಡಿಕೆ ಬಿಡಿಸಿದರೆ ಚಾಪೆಯಷ್ಟು ಅಗಲವಾಗುವ ಹಾಳೆಯಲ್ಲಿ ವಂಶವೃಕ್ಷ. ಕೊಂಬೆಗಳನ್ನೆಲ್ಲ ಅವನು ಆಗಲೇ ಬರೆದುಕೊಂಡಿದ್ದ. ಅಮೆರಿಕದಲ್ಲಿ ಹುಟ್ಟಿದ ಕೂಸುಗಳ ಹೆಸರು ಕೂಡ ಅದರಲ್ಲಿ ಸೇರಿದ್ದುವು. ಬೇರು ಮಾತ್ರ ಬಾಕಿ. ಅದಕ್ಕೂ ಒಂದು ಕರಡು ಮಾಡಿ, “ದೊಡ್ಡಪ್ಪಾ, ಇದೊಂದನ್ನು ಸರಿಯಾಗಿದೆಯೇ ನೋಡಿಬಿಡಿ” ಎಂದು ಕೇಳಿದ್ದ. ಕರಡಿನ ಮೊದಲ ವಾಕ್ಯ ಹೀಗಿತ್ತು: ‘ನಮ್ಮ ಮೂಲಪುರುಷರು ನಂಜರಾಯಪಟ್ಟಣದ ಚಂಗಾಳ್ವ ಅರಸರ ವಂಶಕ್ಕೆ ಸೇರಿದವರು.’

ಓದಿ ನನಗೆ ಸಂತೋಷವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಅರವತ್ತು ದಾಟಿದ ಮೇಲೆ, ಕೂತಲ್ಲಿಯೇ, ಕಾಸು ಖರ್ಚಿಲ್ಲದೆ ಅರಸುಕುಲದವನಾಗುವುದು ಯಾರಿಗೆ ಬೇಡ? ಅಂದು ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡುವಾಗ ನನ್ನ ನಡಿಗೆಯಲ್ಲಿ ಸ್ವಲ್ಪ ಠೀವಿ ಬಂದಿರಬೇಕು. ಮನೆಯಾಕೆ ನೋಡಿ, “ಸೊಂಟ ಉಳುಕಿತೇ?” ಎಂದು ಕೇಳಿದಳು.

ನಂಜರಾಯಪಟ್ಟಣ ನಮಗೆ ದೂರದ ಊರೇನಲ್ಲ. ನೆಲ್ಯಹುದಿಕೇರಿಯಿಂದ ಕುಶಾಲನಗರದ ಕಡೆಗೆ ಹೋಗುವ ರಸ್ತೆಯಲ್ಲಿ, ವಾಲ್ನೂರು ಕಳೆದ ಮೇಲೆ ಸಿಗುತ್ತದೆ. ಈಗ ಅಲ್ಲಿಗೆ ಬರುವ ಜನರೆಲ್ಲ ದುಬಾರೆಯ ಆನೆಗಳನ್ನು ನೋಡಲು ಬರುವವರು. ಚಂಗಾಳ್ವ ನಂಜರಾಜ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಅದನ್ನು ಕಟ್ಟಿ ರಾಜಧಾನಿ ಮಾಡಿಕೊಂಡ. ಹೆಸರಿನಲ್ಲಿ ಮಾತ್ರ ಅವನ ಪಟ್ಟಣ ಉಳಿದಿದೆ. ನಮಗೆ ಅಷ್ಟು ಹತ್ತಿರದಲ್ಲಿ ಒಬ್ಬ ಅರಸನಿದ್ದ ಎಂದಮೇಲೆ ನಮ್ಮ ಹುಡುಗ ನೆಂಟಸ್ತಿಕೆ ಹಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ನೆರೆಮನೆಯವರು ದೊಡ್ಡವರಾಗಿದ್ದರೆ ಅವರನ್ನು ‘ನಮ್ಮವರು’ ಎನ್ನುವುದು ಲೋಕರೂಢಿ.

ಆದರೆ ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು. ತಿದ್ದಲು ಕೊಟ್ಟ ಬರವಣಿಗೆಯನ್ನು ತಿದ್ದದೆ ಹಿಂದಿರುಗಿಸಿದರೆ ಅನ್ನ ಸೇರುವುದಿಲ್ಲ. ಚಂಗಾಳ್ವರ ವಂಶಕ್ಕೆ ಸೇರಬೇಕಾದರೆ ಮೊದಲು ಚಂಗಾಳ್ವರು ಯಾವ ವಂಶದವರು ಎಂಬುದನ್ನು ನೋಡಬೇಕಷ್ಟೆ? ಹೀಗೆಂದುಕೊಂಡು ಮಡಿಕೇರಿಗೆ ಹೋಗಿ, ಬಿ. ಎಲ್. ರೈಸರು ಸಂಪಾದಿಸಿದ ಕೊಡಗಿನ ಶಾಸನಗಳ ಸಂಪುಟವನ್ನು ಹಿಡಿದು ಕೂತೆ. ಅದು 1886ರಲ್ಲಿ ಮೊದಲು ಅಚ್ಚಾಗಿ, 1914ರಲ್ಲಿ ಪರಿಷ್ಕಾರಗೊಂಡ ಗ್ರಂಥ. ಅಲ್ಲಿ ನನ್ನ ಠೀವಿ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು.

ಚಂಗಾಳ್ವರ ಹೆಸರು ಮೊದಲು ಗಟ್ಟಿಯಾಗಿ ಕೇಳಿಬರುವುದು ಕೊಡಗಿನ ಹೊರಗೆ, ಕಾವೇರಿಯ ಕೆಳಭಾಗದ ಹನಸೋಗೆಯಲ್ಲಿ, ಹನ್ನೊಂದನೆಯ ಶತಮಾನದಲ್ಲಿ. ಆಗ ಅವರು ಜೈನ ಬಸದಿಗಳಿಗೆ ದಾನ ಕೊಡುವವರು, ಆಮೇಲೆ ಶೈವರು. ಚೋಳರು ಗೆದ್ದಾಗ ತಮ್ಮ ಹೆಸರಿನ ಮುಂದೆ ಚೋಳ ದೊರೆಯ ಹೆಸರನ್ನು ಅಂಟಿಸಿಕೊಂಡು ‘ರಾಜೇಂದ್ರಚೋಳ ನನ್ನಿ ಚಂಗಾಳ್ವ’ ಎಂದು ಕರೆದುಕೊಂಡರು. ತಾವು ಯಾದವರು, ಚಂದ್ರವಂಶದವರು, ದ್ವಾರಾವತಿಯಿಂದ ಬಂದವರು ಎಂದೂ ಹೇಳಿಕೊಂಡರು. ದ್ವಾರಾವತಿ ಎಲ್ಲಿ, ಹನಸೋಗೆ ಎಲ್ಲಿ! ಅಲ್ಲಿಂದ ಇಲ್ಲಿಗೆ ಬಂದ ದಾರಿಯನ್ನು ಯಾವ ಕಲ್ಲೂ ಹೇಳುವುದಿಲ್ಲ. ‘ಆಳ್ವ’ ಎಂದರೆ ಆಳುವವನು. ಚಂಗನಾಡನ್ನು ಆಳಿದವನು ಚಂಗಾಳ್ವ. ಹೆಸರು ಹುಟ್ಟಿದ್ದು ನೆಲದಿಂದ. ಚಂದ್ರ ಆಮೇಲೆ ಬಂದವನು.

ಇವರ ನೆರೆಯವರಾದ ಕೊಂಗಾಳ್ವರ ಕಥೆ ಇನ್ನೂ ಸ್ವಾರಸ್ಯವಾದದ್ದು. ಕೊಡಗಿನ ಉತ್ತರದ ಏಳುಸಾವಿರ ಸೀಮೆಯೂ ಅದಕ್ಕೆ ಹೊಂದಿದ ಹಾಸನ ಜಿಲ್ಲೆಯ ಅರಕಲಗೂಡಿನ ಭಾಗವೂ ಅವರ ನಾಡು. ಹನಸೋಗೆಗೆ ಆಗ ಪನಸೋಗೆ ಎಂದು ಹೆಸರು. ಸುಮಾರು 1004ರಲ್ಲಿ ಅಲ್ಲಿ ನಡೆದ ಕಾಳಗದಲ್ಲಿ ಮನಿಜ ಎಂಬ ವೀರನೊಬ್ಬ ಚೋಳರ ಕಡೆ ನಿಂತು ಹೋರಾಡಿದ. ರಾಜರಾಜ ಚೋಳ ಮೆಚ್ಚಿ, ಅವನಿಗೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂದು ಪಟ್ಟ ಕಟ್ಟಿಸಿ ಮಾಲವ್ವಿಯನ್ನು ಉಂಬಳಿಯಾಗಿ ಕೊಡಿಸಿದ. ಮಾಲವ್ವಿ ಎಂದರೆ ಇಂದಿನ ಸೋಮವಾರಪೇಟೆ ಸೀಮೆಯ ಮಾಲಂಬಿ. ಮನಿಜನ ಹಿಂದಿನ ಪೀಳಿಗೆಗಳ ಮಾತು ಅಲ್ಲಿಲ್ಲ. ಅವನಿಗಿದ್ದದ್ದು ಕತ್ತಿ ಮತ್ತು ಆ ದಿನ.

ಇನ್ನು ಮುಕ್ಕಾಲು ಶತಮಾನ ಮುಂದಕ್ಕೆ ಬನ್ನಿ. 1079ರ ಹೊತ್ತಿಗೆ ಕೊಂಗಾಳ್ವರು ಶಾಸನಗಳಲ್ಲಿ ತಮ್ಮನ್ನು ಸೂರ್ಯವಂಶದ ಶಿಖಾಮಣಿ ಎಂದು ಕರೆದುಕೊಳ್ಳುತ್ತಾರೆ. ಒರೆಯೂರಿನ ಒಡೆಯರೆಂದೂ ಹೇಳಿಕೊಳ್ಳುತ್ತಾರೆ. ಒರೆಯೂರು ಚೋಳರ ಹಳೆಯ ರಾಜಧಾನಿ. ತಮಿಳುನಾಡಿನಲ್ಲಿ, ತಿರುಚಿನಾಪಳ್ಳಿಯ ಬಳಿ ಇದೆ. ಅಂದರೆ ಭೂಮಿ ಕೊಟ್ಟ ಯಜಮಾನನ ವಂಶವೇ ಭೂಮಿ ಪಡೆದವನ ಮೊಮ್ಮಕ್ಕಳ ವಂಶವಾಯಿತು. ಅಜ್ಜನಿಗೆ ಉಂಬಳಿ ಸಿಕ್ಕಿತು. ಮೊಮ್ಮಕ್ಕಳಿಗೆ ಸೂರ್ಯನೇ ಸಿಕ್ಕಿದ. ಚೋಳರಿಗೆ ಮುಂಚೆ ಆ ನಾಡು ಗಂಗರ ಕೈಯಲ್ಲಿದ್ದುದರಿಂದ ಕೊಂಗಾಳ್ವರ ಬೇರನ್ನು ಗಂಗರಲ್ಲಿ ಹುಡುಕುವವರೂ ಉಂಟು. ಹುಡುಕಲಿ. ಮನೆ ಒಂದೇ, ಅಡಿಪಾಯ ಮೂರು.

ಈ ಮನೆತನದ ಒಂದು ಗುರುತನ್ನು ಕಣ್ಣಾರೆ ನೋಡಬೇಕೆಂದು ಶನಿವಾರಸಂತೆಯ ಬಳಿಯ ಮುಳ್ಳೂರಿಗೂ ಹೋಗಿಬಂದೆ. ಅಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ಮಳೆ ನಿಂತ ಮಾರನೆಯ ದಿನ. ಕಲ್ಲುಗಳ ಮೇಲೆ ಪಾಚಿ ಹಸುರಾಗಿತ್ತು. 1058ರಲ್ಲಿ ರಾಜೇಂದ್ರ ಕೊಂಗಾಳ್ವ ತನ್ನ ತಂದೆ ಕಟ್ಟಿಸಿದ ಬಸದಿಗೆ ಭೂಮಿ ಬಿಟ್ಟ. ಅವನ ತಾಯಿ ಪೋಚಬ್ಬರಸಿ ತಾನೂ ಬಸದಿ ಮಾಡಿಸಿ, ತನ್ನ ಗುರು ಗುಣಸೇನ ಪಂಡಿತನ ವಿಗ್ರಹವನ್ನು ನಿಲ್ಲಿಸಿದಳು. ಅಲ್ಲಿ ನಿಂತಾಗ ನನಗೊಂದು ಯೋಚನೆ ಬಂತು. ಸೂರ್ಯವಂಶ, ಒರೆಯೂರು ಇವೆಲ್ಲ ಹೇಳಿಕೊಂಡ ಮಾತು. ಒಬ್ಬ ತಾಯಿ ಈ ಊರಿನಲ್ಲಿ ಕಲ್ಲು ಹೊರಿಸಿ ಕಟ್ಟಿಸಿದ್ದು ಮಾತ್ರ ನಡೆದ ಸಂಗತಿ. ಎತ್ತರದ ಮಾತುಗಳು ಗಂಡಸರ ಬಿರುದಿನಲ್ಲಿವೆ. ಎಡವಬಹುದಾದ ಕಲ್ಲು ಹೆಂಗಸಿನದು. ಈ ಯೋಚನೆಗೆ ಆಗ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು.

ಇದು ನಮ್ಮ ದೇಶದವರ ದೌರ್ಬಲ್ಯ ಮಾತ್ರ ಎಂದು ವಾಚಕರು ತಿಳಿಯಬಾರದು. ಇಂಗ್ಲೆಂಡಿನಲ್ಲಿ ನಾರ್ಮಂಡಿಯ ವಿಲಿಯಂ 1066ರಲ್ಲಿ ದೇಶವನ್ನು ಗೆದ್ದು, 1086ರಲ್ಲಿ ಭೂಮಿಯ ಲೆಕ್ಕವನ್ನೆಲ್ಲ ‘ಡೂಮ್ಸ್‌ಡೇ’ ಪುಸ್ತಕದಲ್ಲಿ ಬರೆಸಿದ. ಉಳುವ ನೇಗಿಲೆಷ್ಟು, ಗಿರಣಿ ಎಷ್ಟು, ಹಂದಿ ಮೇಯುವ ಕಾಡೆಷ್ಟು ಎಲ್ಲವೂ ಅದರಲ್ಲಿದೆ. ಆದರೆ ಎಷ್ಟೋ ಕಡೆ ಭೂಮಿ ಹಿಡಿದವನ ಹೆಸರು ಬರಿಯ ರಾಲ್ಫ್, ಬರಿಯ ವಿಲಿಯಂ. ಯಾವ ರಾಲ್ಫ್, ಯಾರ ಮಗ, ಸಮುದ್ರದ ಆಚೆಯ ಯಾವ ಹಳ್ಳಿಯವನು ಎಂದು ಬರೆಯಲಿಲ್ಲ. ಕಂದಾಯಕ್ಕೆ ಅಪ್ಪನ ಹೆಸರು ಬೇಕಾಗಿರಲಿಲ್ಲ.

ಆ ಬರಿಯ ರಾಲ್ಫನ ಮಕ್ಕಳ ಮಕ್ಕಳಿಗೆ ಮುಂದೆ ಅದು ಸಾಲದಾಯಿತು. ಬ್ಯಾಟಲ್ ಎಂಬಲ್ಲಿನ ಮಠದಲ್ಲಿ, ವಿಲಿಯಮನ ಜತೆ ಬಂದು ಕಾದಿದವರ ಹೆಸರಿನ ಪಟ್ಟಿಯೊಂದು ಇತ್ತಂತೆ. ಮೂಲ ಪಟ್ಟಿ ಉಳಿದಿಲ್ಲ. ಉಳಿದಿರುವುದು ಹದಿನಾರನೆಯ ಶತಮಾನದ ಪ್ರತಿಗಳು. ಬರಬರುತ್ತ ಅದರಲ್ಲಿ ಹೊಸ ಹೆಸರುಗಳು ಸೇರಿಕೊಂಡುವು. 1530ರಿಂದ ಸುಮಾರು ಒಂದೂವರೆ ಶತಮಾನ ರಾಜನ ಲಾಂಛನದ ಅಧಿಕಾರಿಗಳು ಜಿಲ್ಲೆಜಿಲ್ಲೆಗೆ ಹೋಗಿ ಮನೆತನಗಳ ವಂಶಾವಳಿಯನ್ನು ಬರೆದುಕೊಂಡರು. ಹೇಳಿದವರು ಮನೆಯವರೇ. ಬಂದ ಅತಿಥಿಗೆ ಯಾರು ತಾನೆ ತಮ್ಮ ಮನೆಯ ಹರಕು ಚಾಪೆ ಹಾಸುತ್ತಾರೆ? ಮುಂದೆ ಹೊರೇಸ್ ರೌಂಡ್ ಎಂಬ ವಿದ್ವಾಂಸ ಆ ವಂಶಾವಳಿಗಳನ್ನು ಹಳೆಯ ದಾಖಲೆಗಳಿಗೆ ಒರೆಹಚ್ಚಿ ನೋಡಿ, ಎಷ್ಟೋ ದೊಡ್ಡ ಮನೆಗಳ ಮೊದಲ ಮೂರು ನಾಲ್ಕು ತಲೆಗಳನ್ನು ಉರುಳಿಸಿದ. ಅವನನ್ನು ಆ ಮನೆಗಳವರು ಊಟಕ್ಕೆ ಕರೆದಿರಲಾರರು.

ನಮ್ಮ ಕೊಡಗಿನ ರಾಜರನ್ನೇ ತೆಗೆದುಕೊಳ್ಳಿ. ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯಾಗಿ ‘ರಾಜೇಂದ್ರನಾಮೆ’ಯನ್ನು ಬರೆಸಿದ. ಅದರ ಕಥೆ 1633ರಿಂದ 1807ರ ವರೆಗೆ ನಡೆಯುತ್ತದೆ. 1633ಕ್ಕೆ ಹಿಂದೆ? ಅದು ಜನರ ಬಾಯಿಗೆ ಬಿಟ್ಟ ವಿಷಯ. ಇಕ್ಕೇರಿಯ ಅರಸುಮನೆತನದ ಒಬ್ಬ ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು, ಮಠ ಕಟ್ಟಿ, ಜನರನ್ನು ಒಲಿಸಿಕೊಂಡು, ಕೊನೆಗೆ ಅವರಿಂದ ಕಾಣಿಕೆ ಪಡೆಯುವ ದೊರೆಯಾದನೆಂದು ಹೇಳುತ್ತಾರೆ. ಅರಸುಮಗ ಜಂಗಮನ ವೇಷ ಹಾಕಿದನೋ, ಜಂಗಮನಿಗೆ ಆಮೇಲೆ ಅರಸುಮಗನ ವೇಷ ಹಾಕಿದರೋ, ಬಲ್ಲವರಾರು? ಎರಡೂ ವೇಷ ಅವನಿಗೆ ಒಪ್ಪಿದುವು ಎಂಬುದು ಮಾತ್ರ ನಿಜ. 1834ರ ವರೆಗೆ ಅವನ ವಂಶದವರು ನಮ್ಮನ್ನು ಆಳಿದರು.

ಆ ವಂಶ ಸಿಂಹಾಸನ ಕಳೆದುಕೊಂಡ ಮೇಲೆ ವಂಶದ ಹೆಸರಿಗೆ ಬೆಲೆ ಇಳಿಯಲಿಲ್ಲ, ಏರಿತು. 1837ರಲ್ಲಿ ಅಮರ ಸುಳ್ಯದ ದಂಗೆ ಎದ್ದಾಗ ಜನರ ಮುಂದೆ ನಿಂತವನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪ. ಆ ಹೆಸರನ್ನು ನಂಬಿ ರೈತರು ಮಂಗಳೂರಿನ ವರೆಗೆ ನಡೆದು ಹೋದರು. ಕೆಲವು ದಿನ ಊರನ್ನು ಕೈಯಲ್ಲಿ ಇಟ್ಟುಕೊಂಡರು. ಕೊನೆಗೆ ಕುಂಪಣಿಯವರು ಅವನನ್ನು ಗಲ್ಲಿಗೇರಿಸಿದರು. ಮಡಿಕೇರಿಯಲ್ಲಿ ಗುಡ್ಡೆಮನೆ ಅಪ್ಪಯ್ಯಗೌಡರಿಗೂ ಅದೇ ಗತಿಯಾಯಿತು. ಹೆಸರು ಎರವಲಿನದು. ಹಗ್ಗಕ್ಕೆ ಕೊಟ್ಟ ಕೊರಳು ಮಾತ್ರ ಸ್ವಂತದ್ದು. ಈ ಸಂಗತಿ ಓದಿದ ಮೇಲೆ ವಂಶಾವಳಿಯ ಸುಳ್ಳುಗಳನ್ನು ನೋಡಿ ಮೊದಲಿನಷ್ಟು ಸಲೀಸಾಗಿ ನಗಲು ನನಗೆ ಆಗುತ್ತಿಲ್ಲ.

ಇಷ್ಟೆಲ್ಲ ಸುತ್ತಿ ನಮ್ಮ ಮನೆಯ ಬಾಗಿಲಿಗೇ ಬರಬೇಕಾಯಿತು. ನಾವು ಯಾವ ಪಂಗಡದವರೆಂದು ಇಲ್ಲಿ ಹೇಳುವುದಿಲ್ಲ. ಕೊಡಗಿನ ವಾಚಕರು ಹೇಗೂ ಎರಡನೆಯ ವಾಕ್ಯಕ್ಕೇ ಊಹಿಸಿಬಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕಾರಣರಿಗೆ ಎಡೆ ಇಡುವ ಪದ್ಧತಿ ಉಂಟು. ಆಗ ಹಿರಿಯರ ಹೆಸರು ಹೇಳಬೇಕು. ನನ್ನ ಅಜ್ಜಿ ಏಳು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು. ಏಳನೆಯದು ಹೆಸರಲ್ಲ, ‘ಹೊಳೆ ದಾಟಿ ಬಂದವನು’ ಎಂದು ಹೇಳಿ, ಉಸಿರು ಬಿಟ್ಟು, ‘ಗದ್ದೆಮನೆ ಅವ್ವ’ ಎಂದು ಮುಗಿಸುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಈ ಕೊನೆಯ ಇಬ್ಬರ ಮೇಲೆಯೇ ಪ್ರೀತಿ. ಹೊಳೆಯನ್ನು ಈಜಿ ಬಂದನೇ, ದೋಣಿಯಲ್ಲಿ ಬಂದನೇ ಎಂದು ಕೇಳಿದರೆ ಅಜ್ಜಿ, “ನಾನು ಆಗ ಸೌದೆಗೆ ಹೋಗಿದ್ದೆ, ನೋಡಲಿಲ್ಲ” ಎನ್ನುತ್ತಿದ್ದಳು.

ನನ್ನ ತಂದೆಯ ಮರದ ಪೆಟ್ಟಿಗೆಯಲ್ಲಿ ನಮ್ಮ ಭೂಮಿಗೆ ಸೇರಿದ ಹಳೆಯ ಕಾಗದಗಳಿವೆ. ಅವುಗಳ ತಳದಲ್ಲಿ ಶಿಸ್ತಿನ ಒಂದು ನಕಲು. ಶಿಸ್ತು ಎಂದರೆ, 1811ರಿಂದ 1820ರ ವರೆಗೆ ಆಳಿದ ಲಿಂಗರಾಜೇಂದ್ರ ಇಡೀ ಕೊಡಗಿನ ಭೂಮಿಯನ್ನು ಅಳೆಯಿಸಿ ಬರೆಸಿದ ಲೆಕ್ಕ. ಯಾವ ಗದ್ದೆ ಎಷ್ಟು ಭಟ್ಟಿ ಭತ್ತದ್ದು, ಮೂಡಲಿಗೆ ಏನಿದೆ, ಪಡುವಲಿಗೆ ಏನಿದೆ ಎಂದು ಅದರಲ್ಲಿ ಖಚಿತವಾಗಿ ಬರೆದಿರುತ್ತದೆ. ಜಮ್ಮಾ ಭೂಮಿಯಾದರೆ ನೂರು ಭಟ್ಟಿಗೆ ಐದು ರೂಪಾಯಿ ಕಂದಾಯ, ಸಾಗು ಭೂಮಿಯಾದರೆ ಹತ್ತು. ಜಮ್ಮಾ ಹಿಡಿದವನು ಕರೆದಾಗ ರಾಜನ ಕೆಲಸಕ್ಕೆ ಹೋಗಬೇಕು. ಅದಕ್ಕಾಗಿ ಅರ್ಧ ರಿಯಾಯಿತಿ. ನಮ್ಮ ನಕಲಿನಲ್ಲಿ ಮೂಡಲಿಗೆ ಹೊಳೆಗೆ ಇಳಿಯುವ ತೋಡು, ಪಡುವಲಿಗೆ ಹಲಸಿನ ಮರ. ತೋಡು ಇವತ್ತಿಗೂ ಇದೆ. ಹಲಸಿನ ಮರವಿಲ್ಲ, ಅದರ ಮೊಮ್ಮಗ ಇದ್ದಾನೆ.

ಇದನ್ನು ನಾನು ಹಿಂದೆ ಹಲವು ಸಲ ನೋಡಿದ್ದೆ, ತಕರಾರು ಬಂದಾಗ ಗಡಿಗಾಗಿ. ಗಡಿಗಾಗಿ ನೋಡುವವನ ಕಣ್ಣಿಗೆ ಗಡಿ ಮಾತ್ರ ಕಾಣುತ್ತದೆ. ಈ ಸಲ ಮನುಷ್ಯರಿಗಾಗಿ ನೋಡಿದೆ. ಮಸುಕಾದ ಒಂದು ಸಾಲಿನಲ್ಲಿ, ಈ ಭೂಮಿ ‘ಹೆಣ್ಣಿನಿಂದ ನಡೆದು ಬಂದದ್ದು’ ಎಂಬ ಮಾತಿತ್ತು. ಅಜ್ಜಿ ಉಸಿರು ಬಿಟ್ಟು ಹೇಳುತ್ತಿದ್ದ ಕೊನೆಯ ಹೆಸರು ನನಗೆ ಅಂದು ಅರ್ಥವಾಯಿತು.

ಕಾಲವನ್ನು ಹೊಂದಿಸಿ ನೋಡಿದರೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕೊಡಗಿನ ಅನೇಕ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಎಷ್ಟು ಜನ ಎಂಬುದರಲ್ಲಿ ಒಂದೊಂದು ಗ್ರಂಥದ ಲೆಕ್ಕ ಒಂದೊಂದು. ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವವರು ಉಳಿಯಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ವೀರರಾಜೇಂದ್ರ ನಾಡನ್ನು ಮತ್ತೆ ಗೆದ್ದುಕೊಂಡಾಗ ಪಾಳುಬಿದ್ದ ಗದ್ದೆಗಳಿಗೆ ಹೊರಗಿನಿಂದಲೂ ಒಕ್ಕಲು ಬಂದರು. ನಮ್ಮ ಮನೆಯಲ್ಲಿ ಉಳಿದಿದ್ದವಳು ಒಬ್ಬ ಹುಡುಗಿ. ಹೊಳೆಯ ಆಚೆಯಿಂದ ಒಬ್ಬ ಬಂದ. ಗದ್ದೆ ಉತ್ತ. ಉಳಿದುಬಿಟ್ಟ. ಮಕ್ಕಳಾದುವು. ಮಕ್ಕಳಿಗೆ ತಾಯಿಯ ಮನೆಯ ಹೆಸರು ನಡೆಯಿತು.

ಇದರಲ್ಲಿ ಅವಮಾನದ ಮಾತೇನೂ ಇಲ್ಲ. ಕೊಡವರಲ್ಲಿ ‘ಮಕ್ಕ ಪರಿಜೆ’ ಎಂಬ ವಿವಾಹಪದ್ಧತಿಯೇ ಉಂಟು. ಗಂಡುದಿಕ್ಕಿಲ್ಲದೆ ಮನೆ ಅಳಿಯುವ ಹಾಗಿದ್ದಾಗ, ಮಗಳ ಮಕ್ಕಳನ್ನು ತಾಯಿಯ ಮನೆಗೇ ಸೇರಿಸಿ ಆ ಹೆಸರನ್ನು ಉಳಿಸಿಕೊಳ್ಳುತ್ತಾರೆ. ರಾಜನ ಮನೆಯಲ್ಲಿಯೂ ಇದೇ ಪಾಡಾಗಿತ್ತು. ಪಟ್ಟಕ್ಕೆ ಗಂಡುಮಗನಿಲ್ಲದ ವೀರರಾಜೇಂದ್ರ, ಮಗಳು ದೇವಮ್ಮಾಜಿಗೆ ರಾಜ್ಯವಾಗಬೇಕೆಂದು ಏರ್ಪಡಿಸಿ 1809ರಲ್ಲಿ ಕಣ್ಮುಚ್ಚಿದ. ಎರಡು ವರ್ಷದೊಳಗೆ ಅವನ ತಮ್ಮ ಲಿಂಗರಾಜ ತಾನೇ ದೊರೆಯಾದ. ಅರಮನೆಯಲ್ಲಿ ಮಗಳಿಗೆ ನಿಲ್ಲದ ಹಕ್ಕು ನಮ್ಮ ಗದ್ದೆಮನೆಯಲ್ಲಿ ನಿಂತಿತು. ಮೊದಲನೆಯವಳಿಗೆ ಚಿಕ್ಕಪ್ಪನಿದ್ದ, ನಮ್ಮವಳಿಗೆ ಯಾರೂ ಇರಲಿಲ್ಲ. ಹೆಂಗಸಿಗೆ ಭೂಮಿ ಉಳಿಯಬೇಕಾದರೆ ಕೆಲವೊಮ್ಮೆ ನೆಂಟರೆಲ್ಲ ಇಲ್ಲವಾಗಬೇಕು ಎಂಬುದು ಸಂತೋಷಪಡುವ ಸಂಗತಿಯಲ್ಲ.

ಕಂಡದ್ದನ್ನು ನಮ್ಮ ಮನೆಯ ಹಿರಿಯನಾದ ಅಣ್ಣನಿಗೆ ಹೇಳಿದೆ; ಅವನು ನನ್ನ ದೊಡ್ಡಪ್ಪನ ಮಗ. ಅಣ್ಣ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. “ಹಾಗಾದರೆ ನಾವು ಯಾರ ರಕ್ತ?” ಎಂದ.

“ಹೊಳೆ ದಾಟಿ ಬಂದವನದು.”

“ಅವನು ಯಾರು? ಏನು ಜಾತಿ? ಕಳ್ಳನೋ ಸುಳ್ಳನೋ, ಎಲ್ಲಿಂದ ಓಡಿಬಂದವನೋ. ಇದನ್ನು ಅಚ್ಚು ಹಾಕಿಸಿ ಊರಿಗೆ ಹಂಚುತ್ತೀಯಾ? ನಾಳೆ ಹೆಣ್ಣು ಕೇಳಲು ಹೋದಾಗ ಯಾರಾದರೂ ಇದನ್ನೇ ಎತ್ತಿ ಆಡಿದರೆ? ಹುಡುಗ ಬರೆದದ್ದು ಚೆನ್ನಾಗಿದೆ. ಚಂಗಾಳ್ವರು ಬಂದು ಜಗಳ ಆಡುವುದಿಲ್ಲ. ಅವರ ಮನೆ 1644ರಲ್ಲಿ ಮೈಸೂರಿನವರು ಪಿರಿಯಾಪಟ್ಟಣ ಹಿಡಿದಾಗಲೇ ಮುಗಿಯಿತು ಎಂದು ನೀನೇ ಹೇಳಿದೆಯಲ್ಲ.”

ಅಣ್ಣನ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಮದುವೆಯ ಮಾತಿಗೆ ಕೂತ ಮನೆಗಳಲ್ಲಿ ಏನೇನು ಪ್ರಶ್ನೆ ಬರುತ್ತದೆಂದು ನಾನೂ ಕೇಳಿಬಲ್ಲೆ. ಆ ದಿನ ಸುಮ್ಮನೆ ಎದ್ದು ಬಂದೆ. ಹೊಳೆಯ ಕಡೆಗೆ ನಡೆದೆ.

ನೆಲ್ಯಹುದಿಕೇರಿಯವರಿಗೆ ಹೊಳೆ ಎಂದರೆ ಕಾವೇರಿ. ಆಚೆಯ ದಡ ಸಿದ್ದಾಪುರ, ನಡುವೆ ಸೇತುವೆ. ಈಗ ಹೊಳೆ ದಾಟಿ ಬರಲು ಯಾವ ಸಾಹಸವೂ ಬೇಡ, ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ದಾಟಬಹುದು. 2019ರ ಆಗಸ್ಟಿನಲ್ಲಿ ಮಾತ್ರ ಹೊಳೆ ತಾನೇ ದಾಟಿ ಬಂತು. ಬೆಟ್ಟದಕಾಡು, ಕುಂಬಾರಗುಂಡಿಯ ಕಡೆ ದಡದಲ್ಲಿದ್ದ ಮನೆಗಳನ್ನು ಎಳೆದುಕೊಂಡು ಹೋಯಿತು. ಅಲ್ಲಿದ್ದವರು ಬಹುಮಟ್ಟಿಗೆ ತೋಟದ ಕೆಲಸಕ್ಕೆಂದು ಬ್ಯಾರೆ ಬ್ಯಾರೆ ಕಡೆಗಳಿಂದ ಬಂದು, ಹೊಳೆದಂಡೆಯಲ್ಲಿ ಸಿಕ್ಕಿದಷ್ಟು ಜಾಗದಲ್ಲಿ ಸೂರು ಕಟ್ಟಿಕೊಂಡು, ಅಲ್ಲೇ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಂಡವರು. ಅವರಲ್ಲಿ ಅನೇಕರ ಕೈಯಲ್ಲಿ ಆ ಜಾಗಕ್ಕೆ ಹಕ್ಕುಪತ್ರವಿರಲಿಲ್ಲ.

ಆಗ ಶಾಲೆಯಲ್ಲಿ ಅವರಿಗೆ ಆಶ್ರಯ ಕೊಟ್ಟಿದ್ದರು. ನಾನು ಅಕ್ಕಿ ಹೊರಿಸಿಕೊಂಡು ಹೋಗಿದ್ದೆ. ನಾನು ಎಂದೋ ಪಾಠ ಹೇಳಿದಂತಹ ಒಂದು ಕೋಣೆಯಲ್ಲಿ ಒಬ್ಬ ಮುದುಕಿ ಬೆಂಚಿನ ಮೇಲೆ ನೆನೆದ ಕಾಗದಗಳನ್ನು ಒಂದೊಂದಾಗಿ ಹರಡುತ್ತಿದ್ದಳು. ರೇಷನ್ ಕಾರ್ಡು, ಮಗನ ಶಾಲೆಯ ಸರ್ಟಿಫಿಕೇಟು, ಯಾರದೋ ಮದುವೆಯ ಚಿತ್ರ. “ಇಷ್ಟೇ ಸಿಕ್ಕಿದ್ದು ಮೇಷ್ಟ್ರೇ. ನಾವು ಇಲ್ಲಿಯವರು ಅನ್ನೋದಕ್ಕೆ ಇಷ್ಟೇ” ಎಂದಳು. ಹೊರಗೆ ಜಗಲಿಯಲ್ಲಿ, ನನ್ನ ಜತೆ ಬಂದಿದ್ದ ನೆಂಟರೊಬ್ಬರು ತಗ್ಗಿದ ದನಿಯಲ್ಲಿ, “ಪಾಪವೇನೋ ಸರಿ. ಆದರೆ ಇವರೆಲ್ಲ ಎಲ್ಲಿಂದಲೋ ಬಂದವರು” ಎಂದರು. ನಾನೂ ತಲೆಯಾಡಿಸಿದೆ. ಆಗ ತಲೆಯಾಡಿಸಿದ್ದು ನನಗೆ ನೆನಪಿದೆ. ಮರೆಯಬೇಕೆಂದು ಎಷ್ಟೋ ಸಲ ಯತ್ನಿಸಿದ್ದೇನೆ.

ಹೊಳೆಯ ದಡದಲ್ಲಿ ಕೂತಾಗ ಆ ಮಾತು ಮತ್ತೆ ಕಿವಿಗೆ ಬಿತ್ತು. ಎಲ್ಲಿಂದಲೋ ಬಂದವರು. ನಮ್ಮ ಏಳನೆಯ ಹೆಸರಿಗೆ ಇದಕ್ಕಿಂತ ಸರಿಯಾದ ಅರ್ಥ ಇನ್ನಾವುದು? ಅವನ ಕೈಯಲ್ಲಿ ರೇಷನ್ ಕಾರ್ಡು ಕೂಡ ಇರಲಿಲ್ಲ. ಒಬ್ಬ ಹುಡುಗಿ, ಮನೆಯಲ್ಲಿ ಎಲ್ಲರನ್ನೂ ಕಳೆದುಕೊಂಡವಳು, ‘ನೀನು ಯಾರ ಮಗ’ ಎಂದು ಕೇಳಿ ಕದ ಹಾಕಿಕೊಳ್ಳದೆ, ‘ನೇಗಿಲು ಹಿಡಿಯಬಲ್ಲೆಯಾ’ ಎಂದು ಕೇಳಿರಬೇಕು. ಅವಳು ಮೊದಲನೆಯ ಪ್ರಶ್ನೆ ಕೇಳಿದ್ದರೆ ಎರಡೂಕಾಲು ಶತಮಾನ ಕಳೆದ ಮೇಲೆ ಇಲ್ಲಿ ಕೂತು ಯೋಚಿಸಲು ನಾನೂ ಇರುತ್ತಿರಲಿಲ್ಲ, ಅವಮಾನಪಡಲು ನಮ್ಮ ಅಣ್ಣನೂ ಇರುತ್ತಿರಲಿಲ್ಲ. ವಂಶವೃಕ್ಷ ಎನ್ನುತ್ತೇವೆ. ಮರಕ್ಕೆ ಬೇರು ಒಂದೇ ಕಡೆ, ಮನೆಗೆ ಹಾಗಲ್ಲ. ಹೊಳೆಗೆ ನಾಲ್ಕೂ ಕಡೆಯಿಂದ ತೋಡು ಬಂದು ಸೇರುವ ಹಾಗೆ ಮನೆ ನಡೆಯುತ್ತದೆ. ತಲಕಾವೇರಿ ಒಂದನ್ನೇ ಪೂಜಿಸಿದರೂ ನಮ್ಮ ಊರಿನ ಮುಂದೆ ಹರಿಯುವ ನೀರಿನಲ್ಲಿ ಹೆಸರಿಲ್ಲದ ತೋಡುಗಳದೇ ಹೆಚ್ಚು.

ಮಾರನೆಯ ದಿನ ಹುಡುಗನಿಗೆ ಬರೆದೆ: “ಮಗಾ, ಚಂಗಾಳ್ವರನ್ನು ಅವರ ಪಾಡಿಗೆ ಬಿಡು. ಮೊದಲು ಗದ್ದೆಮನೆ ಅವ್ವನ ಹೆಸರು ಹಾಕು. ಅವಳ ಪಕ್ಕಕ್ಕೆ ಹೊಳೆ ದಾಟಿ ಬಂದವನನ್ನು ಬರೆ. ಆಮೇಲೆ ಉಳಿದವರು.” ಅವನು ಒಂದು ವಾರ ಉತ್ತರ ಕೊಡಲಿಲ್ಲ. ಬೇಸರವಾಗಿರಬೇಕು ಎಂದುಕೊಂಡೆ. ಆಮೇಲೆ ಕರೆ ಮಾಡಿ, “ದೊಡ್ಡಪ್ಪಾ, ನನ್ನ ಹೆಂಡತಿಗೆ ಇದೇ ಇಷ್ಟವಾಯಿತು. ಆದರೆ ಅವನ ಹೆಸರಿನ ಜಾಗದಲ್ಲಿ ಏನು ಹಾಕಲಿ?” ಎಂದು ಕೇಳಿದ. “ಖಾಲಿ ಬಿಡು, ಚುಕ್ಕಿ ಹಾಕು” ಎಂದೆ.

ಅಣ್ಣನನ್ನು ಒಪ್ಪಿಸುವ ಕೆಲಸ ನನಗೆ ಬಂತು. ಅದಕ್ಕೆ ನಾನು ಮನಿಜನ ಕಥೆಯನ್ನಾಗಲಿ ಡೂಮ್ಸ್‌ಡೇ ಪುಸ್ತಕವನ್ನಾಗಲಿ ಬಳಸಲಿಲ್ಲ. “ಅಣ್ಣಾ, ಅಜ್ಜಿ ಕಾರಣರಿಗೆ ಎಡೆ ಇಡುವಾಗ ಆ ಇಬ್ಬರನ್ನು ಬಿಡುತ್ತಿದ್ದಳೇ?” ಎಂದು ಕೇಳಿದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. “ಬಿಡುತ್ತಿರಲಿಲ್ಲ” ಎಂದ. “ಹಾಗಾದರೆ ನಾವು ಬಿಡುವುದು ಹೇಗೆ?” ಎಂದೆ. “ಸರಿ, ಅಕ್ಷರ ಸಣ್ಣದಾಗಿ ಹಾಕಿಸು” ಎಂದ. ಅಷ್ಟೇ ಅವನು ಕೇಳಿದ ರಿಯಾಯಿತಿ.

ಈ ಬೇಸಗೆಯಲ್ಲಿ ಎಲ್ಲರೂ ಸೇರಿದೆವು. ಪಂದಿಕರಿಯೂ ಪಾಯಸವೂ ಸಾಲದಾಗುವಷ್ಟು ಜನ ಬಂದಿದ್ದರು. ಪುಸ್ತಕ ಹಂಚಿದರು. ಒಬ್ಬೊಬ್ಬರೂ ಚಾಪೆಯಂತಹ ಹಾಳೆಯನ್ನು ಬಿಡಿಸಿ, ಕೆಳಗಿನಿಂದ ಮೇಲಕ್ಕೆ ನೋಡದೆ, ನೇರವಾಗಿ ತಮ್ಮ ತಮ್ಮ ಹೆಸರನ್ನು ಹುಡುಕಿಕೊಂಡು, ಕಾಗುಣಿತ ಸರಿಯಾಗಿದೆಯೇ ನೋಡಿ, ಮಡಿಸಿಟ್ಟರು. ಮೊದಲ ಸಾಲನ್ನು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ. ಇದಕ್ಕಾಗಿ ನಾನೂ ಅಣ್ಣನೂ ನಿದ್ದೆಗೆಟ್ಟೆವು!

ಸಂಜೆ ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಯಾರೋ ಮರೆತುಬಿಟ್ಟ ಒಂದು ಪ್ರತಿ ಸಿಕ್ಕಿತು. ಹಾಳೆ ಬಿಡಿಸಿಯೇ ಇತ್ತು. ಗದ್ದೆಮನೆ ಅವ್ವನ ಪಕ್ಕದ ಚುಕ್ಕಿಗಳ ಮೇಲೆ ಯಾವುದೋ ಮಗು ಪೆನ್ಸಿಲಿನಲ್ಲಿ, ಒತ್ತಿ ಒತ್ತಿ, ತನ್ನ ಹೆಸರನ್ನೇ ಬರೆದಿತ್ತು. ಖಾಲಿ ಜಾಗ ಕಂಡರೆ ತುಂಬಬೇಕೆಂದು ನಾವೇ ಶಾಲೆಯಲ್ಲಿ ಕಲಿಸಿದ್ದಲ್ಲವೇ? ಕೊಂಗಾಳ್ವರೂ ಅಷ್ಟನ್ನೇ ಮಾಡಿದ್ದು. ಅಳಿಸಲೆಂದು ರಬ್ಬರು ಹುಡುಕಿ ತಂದೆ. ಆಮೇಲೆ ಅಳಿಸಲಿಲ್ಲ.